ಪದಗಳಿಗೂ ಮನೆತನವಿದೆ



ವಿದ್ಯಾರ್ಥಿ ಮಿತ್ರರೇ, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋದರೆ ಪುಸ್ತಕವೆಲ್ಲ ಇಂಗ್ಲಿಷ್. ಎಷ್ಟೋ ಜಾಣ ಮಕ್ಕಳು ಅಲ್ಲಿಯೇ ಎದೆಗುಂದುತ್ತಾರೆ. ಅದಕ್ಕೇ ಈ ಮಾತು.

ಇಂಗ್ಲಿಷಿನ ಸಣ್ಣ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ; ಅವುಗಳ ಮನೆತನ ನೋಡಿ. ಮಳೆಗಾಲದಲ್ಲಿ ನಮ್ಮ ಧುಪದಾಳದ ಒಡ್ಡಿನ ಮೇಲೆ ಘಟಪ್ರಭೆ ಹರಿಯುವುದನ್ನು ನೆನೆಯಿರಿ. ಅಂಥ ನೀರಿನಾಟಕ್ಕೆ ಎಸ್, ಪಿ ಅಕ್ಷರಗಳಿಂದ ಶುರುವಾಗುವ ಪದಗಳಿವೆ: ಸ್ಪಿಲ್ ಎಂದರೆ ಚೆಲ್ಲು, ಸ್ಪೌಟ್ ಎಂದರೆ ಚಿಮ್ಮು, ಸ್ಪ್ರಿಂಕಲ್ ಎಂದರೆ ಚಿಮುಕಿಸು. ನೋಡಿ, ಕನ್ನಡದ ಮೂರೂ ಪದ ಚಕಾರದವೇ!

ಎಸ್, ಎನ್ ಜೋಡಿ ಮೂಗಿನದು: ಸ್ನೀಜ್ ಎಂದರೆ ಸೀನು, ಸ್ನೋರ್ ಎಂದರೆ ಗೊರಕೆ ಹೊಡೆ, ಸ್ನಿಫ್ ಎಂದರೆ ಮೂಸು. ಜಿ, ಎಲ್ ಜೋಡಿ ಬೆಳಕಿನದು: ಗ್ಲೋ, ಗ್ಲೀಮ್, ಗ್ಲಿಟರ್. ಇದು ಕಟ್ಟುನಿಟ್ಟಿನ ನಿಯಮವಲ್ಲ. ಸ್ನೇಕ್ ಎಂದರೆ ಹಾವು. ಅದಕ್ಕೂ ಮೂಗಿಗೂ ನಂಟಿಲ್ಲ. ಆದರೂ ನೆನಪಿಗೆ ಇದೊಂದು ಊರುಗೋಲು.

ಥಳಥಳ, ಗಡಗಡ, ಜುಳುಜುಳು ಎನ್ನುತ್ತ ಬೆಳೆದ ನಮಗೆ ಸದ್ದಿನಲ್ಲಿ ಅರ್ಥ ಹಿಡಿಯುವುದು ಹೊಸದಲ್ಲ. ಕನ್ನಡ ಶಾಲೆಯ ಮಗು ಇಂಗ್ಲಿಷಿನ ಬಾಗಿಲಿಗೆ ಬರಿಗೈಲಿ ಹೋಗುವುದಿಲ್ಲ. ಧೈರ್ಯವಾಗಿ ಹೋಗಿ.