ತಾಯಂದಿರು ಕೂಡಿಸಿದ ಕಾಸು

(ಸಾಕ್ಷರತಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕಿಯೊಬ್ಬರು ಆಡಿದ ಮಾತು)



ನಾವು ಜಾತ್ರೆಗೆ ವಂತಿಗೆ ಎತ್ತುತ್ತೇವೆ. ಗುಡಿಗೆ ಸುಣ್ಣ ಹೊಡೆಸಲು ಎತ್ತುತ್ತೇವೆ. ಯಾರದಾದರೂ ಗುಡಿಸಲು ಸುಟ್ಟರೆ ಅಕ್ಕಿ, ಬಟ್ಟೆ, ದುಡ್ಡು ಕೂಡಿಸಿ ಕೊಡುತ್ತೇವೆ. ಕೊಟ್ಟ ದುಡ್ಡು ಏನಾಯಿತು ಅಂತ ಕಣ್ಣಿಗೆ ಕಾಣುತ್ತೆ. ಆದರೆ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಯಾರಾದರೂ ವಂತಿಗೆ ಎತ್ತುತ್ತಾರಾ? ಎತ್ತಿದ್ದಾರೆ. ಅಮೆರಿಕ ದೇಶದ ತಾಯಿ ತಂದೆಯರು ಎತ್ತಿದ್ದಾರೆ. ಅವರ ವಿಷಯ ಇವತ್ತು ಹೇಳ್ತೀನಿ.

ಅವರ ಪ್ರಶ್ನೆ ಏನು? ಎಲ್ಲರೂ ತಿನ್ನುವ ಊಟ ನಮ್ಮ ಮಗುವಿಗೆ ಮಾತ್ರ ವಿಷ ಆಗೋದು ಯಾಕೆ?

ಇದಕ್ಕೆ ಅಲರ್ಜಿ ಅಂತಾರೆ. ನಮ್ಮ ಮೈಯೊಳಗೆ ರೋಗವನ್ನು ತಡೆಯುವ ಕಾವಲು ಶಕ್ತಿ ಇದೆ. ಕೆಲವರಲ್ಲಿ ಅದು ತಪ್ಪು ತಿಳಿಯುತ್ತೆ. ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಇವನ್ನೇ ಶತ್ರು ಅಂದುಕೊಂಡು ಮೇಲೆ ಬೀಳುತ್ತೆ. ಮನೆ ಕಾಯೋ ನಾಯಿ ಮನೆಗೆ ಬಂದ ನೆಂಟರನ್ನೇ ಕಚ್ಚಿದ ಹಾಗೆ. ಆಗ ಮೈಮೇಲೆ ದದ್ದು ಏಳುತ್ತೆ. ತುಟಿ, ಮುಖ ಊದಿಕೊಳ್ಳುತ್ತೆ. ವಾಂತಿ ಆಗಬಹುದು. ಜೋರಾದರೆ ಉಸಿರು ಕಟ್ಟುತ್ತೆ. ಪ್ರಾಣವೇ ಹೋಗಬಹುದು.

ಅಮೆರಿಕದ ವರ್ಜೀನಿಯಾದಲ್ಲಿ ಆನ್ ಮುನೋಸ್ ಫರ್ಲಾಂಗ್ ಅಂತ ಒಬ್ಬ ತಾಯಿ. ಅವರ ಮಗಳಿಗೆ ಹಾಲು, ಮೊಟ್ಟೆ ಎರಡೂ ಆಗುತ್ತಿರಲಿಲ್ಲ. 1991ರಲ್ಲಿ ಆ ತಾಯಿ ಒಂದು ಸಂಸ್ಥೆ ಶುರು ಮಾಡಿದರು. ಮಕ್ಕಳ ಅಲರ್ಜಿ ಬಗ್ಗೆ ಪತ್ರಿಕೆ ಅಚ್ಚು ಹಾಕಿ ಹಂಚಿದರು. ಒಬ್ಬೊಬ್ಬರೇ ಹೆದರಿ ಕೂತಿದ್ದ ತಾಯಂದಿರಿಗೆ, ನಮ್ಮಂಥವರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು. 1998ರಲ್ಲಿ ನ್ಯೂಯಾರ್ಕ್ ನಗರದ ತಾಯಿ ತಂದೆಯರು ಇನ್ನೊಂದು ಸಂಸ್ಥೆ ಕಟ್ಟಿದರು. ಸಂಶೋಧನೆಗೆ ಹಣ ಕೂಡಿಸೋದು ಅದರ ಮುಖ್ಯ ಕೆಲಸ. 2012ರಲ್ಲಿ ಎರಡೂ ಸೇರಿ ಒಂದೇ ಆದವು. ಅದರ ಹೆಸರು ಫೇರ್.

ಹಣ ಹೇಗೆ ಕೂಡಿಸಿದರು? ಶ್ರೀಮಂತರು ದೊಡ್ಡ ಮೊತ್ತ ಕೊಟ್ಟರು, ನಿಜ. ಆದರೆ ಸಣ್ಣ ಕಾಸೂ ಬಂತು. ಊರೂರಲ್ಲಿ ನಡಿಗೆ ಏರ್ಪಡಿಸಿದರು. ನಮ್ಮ ಜಾಥಾ ಇದೆಯಲ್ಲ, ಹಾಗೆ. ಒಂದೊಂದು ಮನೆಯವರು ಗುಂಪು ಕಟ್ಟಿಕೊಂಡು ನಡೀತಾರೆ. ನಡೆಯುವ ಮೊದಲು ನೆಂಟರು, ನೆರೆಯವರು, ಜೊತೆ ಕೆಲಸದವರ ಹತ್ತಿರ ಹೋಗ್ತಾರೆ. "ನನ್ನ ಮಗುವಿಗಾಗಿ ನಡೀತಿದ್ದೇನೆ, ನಿಮ್ಮ ಕೈಲಾದಷ್ಟು ಕೊಡಿ" ಅಂತಾರೆ. ಕೇಳೋಕೆ ನಾಚಿಕೆ ಆಗಲ್ವಾ? ಆಗುತ್ತೆ. ಆದರೂ ಕೇಳಿದರು.

ಈಗ ಆ ಹಣ ಏನು ಮಾಡಿತು ನೋಡಿ.

2000ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ಸಲಹೆ ಕೊಟ್ಟಿತ್ತು. ಅಲರ್ಜಿ ಬರುವ ಸಂಭವ ಹೆಚ್ಚಿರುವ ಮಕ್ಕಳಿಗೆ 3 ವರ್ಷ ತುಂಬುವ ತನಕ ಕಡಲೆಕಾಯಿ ಕೊಡಬೇಡಿ ಅಂತ. ತಾಯಂದಿರು ಹಾಗೇ ನಡೆದುಕೊಂಡರು. ಆದರೂ ಅಲರ್ಜಿ ಕಡಿಮೆ ಆಗಲಿಲ್ಲ. 2008ರಲ್ಲಿ ಸಂಘ ಆ ಸಲಹೆ ಕೈಬಿಟ್ಟಿತು.

ಲಂಡನ್ನಿನ ಗಿಡಿಯನ್ ಲ್ಯಾಕ್ ಅನ್ನುವ ವೈದ್ಯರು ಮತ್ತು ಅವರ ಜೊತೆಯವರು ಒಂದು ಸಂಗತಿ ಕಂಡರು. ಇಸ್ರೇಲ್ ದೇಶದಲ್ಲಿ ಕೂಸುಗಳಿಗೇ ಕಡಲೆಕಾಯಿಯ ಮೆತ್ತನೆಯ ತಿಂಡಿ ತಿನ್ನಿಸ್ತಾರೆ. ಅಲ್ಲಿಯ ಯೆಹೂದಿ ಮಕ್ಕಳಲ್ಲಿ ಈ ಅಲರ್ಜಿ ತೀರಾ ಕಡಿಮೆ. ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿ ಅದರ ಸುಮಾರು 10 ಪಟ್ಟು. ಹಾಗಾದರೆ ದೂರ ಇಡೋದೇ ತಪ್ಪಾ?

ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ವರ್ಷಗಟ್ಟಲೆ ಹಣ ಬೇಕು. ಅಮೆರಿಕದ ಸರ್ಕಾರ ಕೊಟ್ಟಿತು. ಬೇರೆಯವರೂ ಕೊಟ್ಟರು. ಈ ತಾಯಿ ತಂದೆಯರ ಸಂಸ್ಥೆಯೂ ಕೊಟ್ಟಿತು. 640 ಕೂಸುಗಳನ್ನು ಆರಿಸಿದರು. ಎಲ್ಲವೂ 4ರಿಂದ 11 ತಿಂಗಳ ಕೂಸುಗಳು. ಜೋರಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದವು. ಅರ್ಧ ಮಕ್ಕಳಿಗೆ ವೈದ್ಯರ ಕಾವಲಲ್ಲಿ ಕಡಲೆಕಾಯಿ ತಿನ್ನಿಸಿದರು. ಉಳಿದವರಿಗೆ ಕೊಡಲಿಲ್ಲ. 5 ವರ್ಷ ಆಗುವ ತನಕ ನೋಡಿದರು.

2015ರಲ್ಲಿ ಉತ್ತರ ಬಂತು. ತಿನ್ನದ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ ಸುಮಾರು 3 ಮಾತ್ರ. 2017ರಲ್ಲಿ ಅಮೆರಿಕದಲ್ಲಿ ಸಲಹೆಯೇ ತಿರುವುಮುರುವು ಆಯಿತು. ದೂರ ಇಡಬೇಡಿ, ಬೇಗ ರೂಢಿ ಮಾಡಿಸಿ ಅಂದರು.

ಅಕ್ಕಂದಿರೇ, ಇಲ್ಲಿ ಒಂದು ಮಾತು ಮನಸ್ಸಿಗೆ ತಗೊಳ್ಳಿ. ಹಣ ಕೂಡಿಸಿದ ಎಷ್ಟೋ ಜನರ ಮಕ್ಕಳಿಗೆ ಆಗಲೇ ಅಲರ್ಜಿ ಬಂದಾಗಿತ್ತು. ಈ ಉತ್ತರ ಅವರಿಗೆ ತಡವಾಯಿತು. ಲಾಭ ಆದದ್ದು ಯಾರಿಗೆ? ಮುಂದೆ ಹುಟ್ಟುವ ಮಕ್ಕಳಿಗೆ. ಮುಖ ನೋಡದ ಮಕ್ಕಳಿಗೆ. ಮಾವಿನ ಗಿಡ ನೆಟ್ಟವರೇ ಹಣ್ಣು ತಿನ್ನಬೇಕು ಅಂತ ಇದೆಯಾ? ಇಲ್ಲ. ನೆಟ್ಟವರು ಇದ್ದರೆ ತಾನೇ ತಿನ್ನುವವರು ಇರೋದು!

ಕೆಲಸ ಇನ್ನೂ ಮುಗಿದಿಲ್ಲ. ಅಲರ್ಜಿ ಇರುವವರಿಗಾಗಿ 2024ರಲ್ಲಿ ಅಮೆರಿಕದಲ್ಲಿ ಒಂದು ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ತಿಳಿಯದೆ ಸ್ವಲ್ಪ ತಿಂದರೆ ಆಗುವ ಅಪಾಯವನ್ನು ಅದು ತಗ್ಗಿಸುತ್ತೆ. ಪೂರಾ ಗುಣ ಮಾಡೋದಿಲ್ಲ. ಅದಕ್ಕೇ ಜನ ಇನ್ನೂ ನಡೀತಾ ಇದ್ದಾರೆ, ಇನ್ನೂ ಕೇಳ್ತಾ ಇದ್ದಾರೆ.

ಇನ್ನೊಂದು ವಿಷಯ, ಲೆಕ್ಕ. ಮಗುವಿನ ಹೆಸರಲ್ಲಿ ಎತ್ತಿದ ಹಣ ದಾರಿ ತಪ್ಪಬಾರದು. ಆ ದೇಶದಲ್ಲಿ ಇಂಥ ಸಂಸ್ಥೆ ವರ್ಷ ವರ್ಷ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ನಮ್ಮ ಸಂಘದಲ್ಲೂ ಅಷ್ಟೇ. ಯಾರು ಎತ್ತುತ್ತಾರೆ? ಯಾತಕ್ಕೆ ಎತ್ತುತ್ತಾರೆ? ಖರ್ಚಿನ ಪುಸ್ತಕ ಎಲ್ಲಿದೆ? ಮೂರೂ ಕೇಳಿ. ಈಗ ನಿಮಗೆ ಓದೋಕೆ ಬರುತ್ತೆ. ಪುಸ್ತಕ ತೆಗೆಸಿ ಓದಿ.

ಕೊನೆಗೆ ನಮ್ಮ ಮನೆ ಮಾತು. ಕೂಸಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನುಣ್ಣಗೆ ಅರೆದು, ತೆಳ್ಳಗೆ ಮಾಡಿ ಕೊಡಬೇಕು. ಜೋರಾದ ಇಸುಬು ಅಥವಾ ಮೊಟ್ಟೆ ಅಲರ್ಜಿ ಇರುವ ಕೂಸಾದರೆ ಮೊದಲು ವೈದ್ಯರನ್ನು ಕೇಳಿ. ಏನಾದರೂ ತಿಂದ ಕೂಡಲೆ ಮುಖ ಊದಿದರೆ, ಉಸಿರು ಕಟ್ಟಿದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.

ಹನಿ ಹನಿ ಕೂಡಿದರೆ ಹಳ್ಳ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಹಳ್ಳದ ನೀರು ಕೆಳಗಿನ ಹೊಲಕ್ಕೂ ಹರಿಯುತ್ತೆ.