ಗೀಳು ಮನೋರೋಗ: ಬೇರು, ಚಿಕಿತ್ಸೆ ಮತ್ತು ಶಿಕ್ಷಕರ ಹೊಣೆ



ಪಳನಿ, ದಿಂಡಿಗಲ್, ತೇನಿ ಹಾಗೂ ಕಂಬಂ ಕಣಿವೆಯ ಊರುಗಳಲ್ಲಿ ಕಪ್ಪಿಲಿಯರು, ಅನುಪ್ಪರು ಮೊದಲಾದ ಸಮುದಾಯಗಳ ಅನೇಕ ಮನೆಗಳ ಮಾತು ಕನ್ನಡ. ಶಾಲೆ, ಸಂತೆ, ಆಸ್ಪತ್ರೆಗಳ ಮಾತು ತಮಿಳು. ಅಂತಹ ಮನೆಯ ಬಾಲಕಿಯೊಬ್ಬಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆಕೆ ಬರೆದ ಸಾಲನ್ನೇ ಅಳಿಸಿ ಮತ್ತೆ ಮತ್ತೆ ಬರೆಯುತ್ತಾಳೆ. ಪರೀಕ್ಷೆಯ ಹೊತ್ತು ಮುಗಿದರೂ ಉತ್ತರ ಮುಗಿಯದು. ಬೆಟ್ಟದ ಮುರುಗನಿಗೆ ಕೈಮುಗಿಯುವಾಗ ದೇವನಿಂದೆಯ ಮಾತೊಂದು ಬೇಡವೆಂದರೂ ಮನಸ್ಸಿಗೆ ನುಗ್ಗುತ್ತದೆ. ಆ ದೋಷ ಕಳೆಯಲೆಂದು ಕೈಕಾಲು ತೊಳೆದು ಏಳು ಬಾರಿ ನಮಸ್ಕರಿಸುತ್ತಾಳೆ. ಶಾಲೆಯಲ್ಲಿ ಅದು ಸೋಮಾರಿತನವೆನಿಸುತ್ತದೆ, ಮನೆಯಲ್ಲಿ ಭಕ್ತಿಯೆನಿಸುತ್ತದೆ. ಎರಡೂ ಅಲ್ಲ, ಅದು ಓಸಿಡಿ ಎನ್ನಲಾಗುವ ಗೀಳು ಮನೋರೋಗ. ಭಕ್ತಿಯ ಆಚರಣೆ ಮುಗಿದಾಗ ಮನಸ್ಸು ತಣಿಯುತ್ತದೆ. ಗೀಳಿನ ಆಚರಣೆಗೆ ಮುಗಿತಾಯವೇ ಇಲ್ಲ.

ಇದರ ಬೇರು ಒಂದಲ್ಲ. ವಂಶವಾಹಿಯ ಪಾಲಿದೆ, ಮಿದುಳಿನ ಮುಂಭಾಗವನ್ನು ಒಳಭಾಗಗಳೊಡನೆ ಜೋಡಿಸುವ ನರಮಂಡಲಗಳ ಕಾರ್ಯದಲ್ಲಿ ವ್ಯತ್ಯಾಸವಿದೆ. ಇವುಗಳ ಮೇಲೆ ಕಲಿಕೆಯೂ ಸೇರುತ್ತದೆ. ಕೈ ತೊಳೆದೊಡನೆ ಭಯ ಕ್ಷಣಕಾಲ ಇಳಿಯುತ್ತದೆ. ಆ ನೆಮ್ಮದಿಯೇ ಮರುಸಲ ತೊಳೆಯಲು ಪ್ರೇರೇಪಿಸುತ್ತದೆ. ತಂದೆತಾಯಿಯರ ತಪ್ಪಾಗಲಿ, ದೆವ್ವದ ಕಾಟವಾಗಲಿ, ಪಾಪವಾಗಲಿ ಇದಕ್ಕೆ ಕಾರಣವಲ್ಲ.

ಇಲ್ಲಿ ಕರುಣೆಯೂ ಎಡವುವುದುಂಟು. "ಸರಿಯಾಗಿದೆಯೇ?" ಎಂದು ಹತ್ತು ಬಾರಿ ಕೇಳುವ ಮಗುವಿಗೆ ಹತ್ತು ಬಾರಿಯೂ "ಸರಿಯಿದೆ" ಎಂದರೆ ರೋಗಕ್ಕೆ ಉಣಿಸಿದಂತೆ. ಗದರಿದರೆ ಮಗು ರೋಗವನ್ನು ಬಚ್ಚಿಡುತ್ತದೆ. ಆದುದರಿಂದ ಚಿಕಿತ್ಸಕರ ನೆರವು ಅಗತ್ಯ.

1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಪ್ರಕಟಿಸಿದ ಕ್ರಮವು ಇಂದಿನ ಮುಖ್ಯ ಚಿಕಿತ್ಸೆಗೆ ಬುನಾದಿಯಾಯಿತು. ಭಯ ಹುಟ್ಟಿಸುವ ಸನ್ನಿವೇಶವನ್ನು ರೋಗಿಯು ಹಂತಹಂತವಾಗಿ ಎದುರಿಸುತ್ತಾನೆ, ಆದರೆ ಆಚರಣೆಯನ್ನು ತಡೆಹಿಡಿಯುತ್ತಾನೆ. ತೊಳೆಯದಿದ್ದರೂ ಕೇಡಾಗದೆಂಬುದನ್ನು ಮನಸ್ಸು ಕ್ರಮೇಣ ಕಲಿಯುತ್ತದೆ. ಇದು ತರಬೇತಾದ ಚಿಕಿತ್ಸಕರ ಕೆಲಸ. ತರಗತಿಯಲ್ಲಿ ಬಲವಂತವಾಗಿ ಪ್ರಯೋಗಿಸತಕ್ಕದ್ದಲ್ಲ. ಅಗತ್ಯವಿದ್ದಲ್ಲಿ ಮನೋವೈದ್ಯರು ಸೆರೊಟೋನಿನ್ ಮೇಲೆ ಪರಿಣಾಮ ಬೀರುವ ಔಷಧಿಗಳನ್ನೂ ಕೊಡುತ್ತಾರೆ. ಅವುಗಳ ಫಲ ಕಾಣಲು ಹಲವು ವಾರಗಳು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ವಿಶೇಷ ಚಿಕಿತ್ಸಾ ವಿಭಾಗವಿದೆ.

ಆದರೆ ನಾಚಿಕೆಯ ಯೋಚನೆಯನ್ನು ಕಲಿತ ಭಾಷೆಯಲ್ಲಿ ಹೊರಗೆಡಹುವುದು ಸುಲಭವಲ್ಲ. ಅದು ತಾಯ್ನುಡಿಯಲ್ಲೇ ಮೊದಲು ಬಾಯಿಗೆ ಬರುತ್ತದೆ. ಕಂಬಂ ಕಣಿವೆಯ ಮಗುವಿಗೆ ಹೇಗೋ, ತಾಳವಾಡಿ, ಹೊಸೂರು ಭಾಗದ ಕನ್ನಡ ಶಾಲೆಗಳ ಮಗುವಿಗೂ ಹಾಗೆಯೇ. ಅದನ್ನು ಮೊದಲು ಕೇಳುವವರು ಕನ್ನಡ ಬಲ್ಲ ಶಿಕ್ಷಕರೇ ಆಗಿರಬಹುದು. ಅವರು ಏಕಾಂತದಲ್ಲಿ ಆಲಿಸಲಿ. ಆ ಯೋಚನೆ ಮಗುವಿನ ಗುಣವಲ್ಲ, ರೋಗದ ಲಕ್ಷಣವೆಂದು ತಿಳಿಹೇಳಲಿ. ಹೆತ್ತವರನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರತ್ತ ಕಳುಹಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಅಳಿಸಿದ ಸಾಲುಗಳಿಗೆ ಅಂಕ ಕಳೆಯುವ ಮುನ್ನ ಆ ಅಳಿಸುವಿಕೆಯ ಕಾರಣವನ್ನು ಕೇಳುವ ಶಿಕ್ಷಕರಿಂದಲೇ ಚಿಕಿತ್ಸೆಯ ಹಾದಿ ಆರಂಭವಾಗುತ್ತದೆ.