ಎಚ್.ಐ.ವಿ. ಜೊತೆ ಗಂಟಿನ ಕ್ಯಾನ್ಸರ್ ಬಂದಾಗ
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



"ಸಿಸ್ಟರ್, ಎಚ್.ಐ.ವಿ. ಸಾಲದು ಅಂತ ಈಗ ಕ್ಯಾನ್ಸರೂ ಬಂದಿದೆ. ಇನ್ನು ಔಷಧ ಮಾಡಿ ಏನು ಫಲ?" ಮನೆ ಭೇಟಿಗೆ ಹೋದಾಗ ನಾವು ಕೇಳುವ ಮಾತಿದು. ಫಲ ಇದೆ.

ಎಚ್.ಐ.ವಿ. ಇದ್ದವರಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಕುತ್ತಿಗೆ, ಕಂಕುಳಲ್ಲಿ ಗಂಟು, ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಟಿ.ಬಿ.ಯಲ್ಲೂ ಹೀಗೇ ಆಗುತ್ತದೆ, ಹಾಗಾಗಿ ಬಯಾಪ್ಸಿ ಮಾಡಿಸಲೇಬೇಕು.

ಇದಕ್ಕೆ ಕೀಮೋ ಕೊಡುತ್ತಾರೆ. ಜೊತೆಗೆ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯದ ಔಷಧವೂ ಇದೆ. ಇಂಥ ಹೆಚ್ಚಿನ ಕ್ಯಾನ್ಸರ್ ಕಣಗಳ ಮೇಲೆ ಸಿ.ಡಿ.-20 ಎಂಬ ಗುರುತಿರುತ್ತದೆ. ಔಷಧ ಅದನ್ನೇ ಹುಡುಕಿ ಅಂಟಿಕೊಂಡು ಆ ಕಣವನ್ನು ನಾಶಮಾಡಿಸುತ್ತದೆ. ತೊಂದರೆ ಏನೆಂದರೆ, ರೋಗದ ವಿರುದ್ಧ ಹೋರಾಡುವ ಕೆಲವು ಒಳ್ಳೆಯ ಕಣಗಳಿಗೂ ಅದೇ ಗುರುತು!

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬರೀ ಕೀಮೋ ಪಡೆದವರಲ್ಲಿ 100ಕ್ಕೆ 2 ಮಂದಿ ಸೋಂಕಿನಿಂದ ತೀರಿಕೊಂಡರೆ, ಎರಡೂ ಪಡೆದವರಲ್ಲಿ 14 ಮಂದಿ. ವೈದ್ಯರೇ ಹೆದರಿದರು. ಆದರೆ ಆ ಸಾವುಗಳಲ್ಲಿ ಹೆಚ್ಚಿನವು ಸಿ.ಡಿ.-4 ಎಣಿಕೆ 50ಕ್ಕಿಂತ ಕೆಳಗಿದ್ದವರಲ್ಲಿ ಆಗಿದ್ದವು. 2010ರ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ದಿನ ನಿಧಾನವಾಗಿ ಡ್ರಿಪ್‌ನಲ್ಲಿ ಕೊಡುವ ಕೀಮೋದ ಜೊತೆಗೇ ಈ ಔಷಧ ಕೊಟ್ಟಾಗ 100ಕ್ಕೆ 73 ಮಂದಿಯಲ್ಲಿ ಗಡ್ಡೆ ಪೂರ್ತಿ ಕರಗಿತು. ಕೀಮೋ ಮುಗಿದ ಮೇಲೆ ಕೊಟ್ಟಾಗ 55. ಎಣಿಕೆ 50ಕ್ಕಿಂತ ಕಡಿಮೆ ಇದ್ದವರಿಗೆ ಅಲ್ಲೂ ಅಪಾಯ ಹೆಚ್ಚೇ ಇತ್ತು.

ಆದ್ದರಿಂದ ಸಿ.ಡಿ.-4 ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಎ.ಆರ್.ಟಿ. ಮಾತ್ರೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಕೀಮೋ ಶುರುವಾಯ್ತು ಅಂತ ಅದನ್ನು ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆ ಕೀಮೋಗೆ ಹೊಂದುವುದಿಲ್ಲ, ಅದನ್ನು ವೈದ್ಯರೇ ಬದಲಿಸುತ್ತಾರೆ. ನಾಚಿಕೆಯಿಂದ ಎ.ಆರ್.ಟಿ. ಪುಸ್ತಕವನ್ನು ಕ್ಯಾನ್ಸರ್ ವೈದ್ಯರಿಂದ ಮುಚ್ಚಿಡುವವರಿದ್ದಾರೆ. ತೋರಿಸಿ! ಗುಟ್ಟು ಕಾಪಾಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಹೆಪಟೈಟಿಸ್-ಬಿ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಒಳಗೆ ಅಡಗಿರುವ ಆ ವೈರಾಣು ಈ ಔಷಧದಿಂದ ಮತ್ತೆ ಏಳಬಹುದು.

ಕೀಮೋ ಆದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಬೆಳಿಗ್ಗೆವರೆಗೆ ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಆಗ ಕೈಯಲ್ಲಿ ವಾಹನದ ಬಾಡಿಗೆ ಇರುವುದಿಲ್ಲ. ಸಂಘದ ತುರ್ತು ಸಾಲ ಇಂಥದ್ದಕ್ಕೇ ಇರಲಿ, ಕಾರಣ ಕೆದಕದೆ ಕೊಡಿ. ಮಕ್ಕಳನ್ನು ಯಾರ ಮನೆಯಲ್ಲಿ ಮಲಗಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಬೇರೆ ಮಾಹಿತಿ ಬೇಕಿದ್ದರೆ 1097ಕ್ಕೆ ಫೋನ್ ಮಾಡಬಹುದು, ಖರ್ಚಿಲ್ಲ.